ಮ್ಯಾಕ್ರೋಫೇಜ್ ಚಾರ್ಟ್: ಎರಡನೇ ಹಾಳೆ ಮುಗಿಯಿತು

ಡಯಾಬಿಟಿಸ್‌ನಲ್ಲಿ ಉರಿಯೂತ ಹೇಗೆ ಹೊತ್ತಿಕೊಳ್ಳುತ್ತದೆ ಅಂತ ತೋರಿಸುವ ನನ್ನ ಚಾರ್ಟ್ ಈಗ ಒಂದು ರೂಪಕ್ಕೆ ಬರುತ್ತಿದೆ. ಮೊದಲ ಹಾಳೆ ಬೇಗ ಮುಗಿಯಿತು. ಉಬ್ಬಿ ಸತ್ತ ಕೊಬ್ಬಿನ ಕೋಶ, ಅದರ ಸುತ್ತ ಕಿರೀಟದ ಹಾಗೆ ಮುತ್ತಿಕೊಂಡ ಮ್ಯಾಕ್ರೋಫೇಜ್‌ಗಳು, ಅಂದರೆ ರೋಗಾಣು, ಸತ್ತ ಕೋಶಗಳನ್ನು ನುಂಗುವ ರಕ್ಷಣಾ ಕೋಶಗಳು. ಬೊಜ್ಜು ಬಂದವರ ಕೊಬ್ಬಿನಲ್ಲಿ ಇವು ಜಮಾಯಿಸುತ್ತವೆ ಅಂತ ಗೊತ್ತಾಗಿದ್ದು 2003ರಲ್ಲಿ.

ಎರಡನೇ ಹಾಳೆಯಲ್ಲಿ ಒಂದೇ ಒಂದು ಮ್ಯಾಕ್ರೋಫೇಜ್‌ನ ಒಳಭಾಗ. ಕೆಲಸ ಹಿಡಿದದ್ದು ಇಲ್ಲೇ. ಎಲ್‌ಪಿಎಸ್ ಅನ್ನುವ ಬ್ಯಾಕ್ಟೀರಿಯಾದ ಅಂಶ ತಗುಲಿದರೆ ಸಾಕು, ಕೋಶ ಗ್ಲೈಕೋಲಿಸಿಸ್ ಕಡೆ, ಅಂದರೆ ಆಮ್ಲಜನಕ ಬಳಸದೆ ಗ್ಲೂಕೋಸ್ ಒಡೆಯುವ ದಾರಿಯ ಕಡೆ, ಹೊರಳುತ್ತದೆ. ಒಂದು ಗ್ಲೂಕೋಸ್‌ಗೆ ಸಿಗುವುದು ಬರೀ 2 ಎಟಿಪಿ (ಕೋಶಕ್ಕೆ ಶಕ್ತಿ ಕೊಡುವ ಅಣು). ಮೈಟೋಕಾಂಡ್ರಿಯಾದಲ್ಲಿ ಪೂರ್ತಿ ಉರಿಸಿದ್ದರೆ ಸುಮಾರು 30 ಸಿಗುತ್ತಿತ್ತು. ನಷ್ಟದ ವ್ಯಾಪಾರ ಅಲ್ವಾ? ಆದರೆ ಗ್ಲೈಕೋಲಿಸಿಸ್‌ಗೆ ವೇಗ ಜಾಸ್ತಿ.

ನನಗೆ ತುಂಬಾ ಹಿಡಿಸಿದ್ದು ಸಕ್ಸಿನೇಟ್. ಮೈಟೋಕಾಂಡ್ರಿಯಾದಲ್ಲಿ ಇಂಧನ ಉರಿಸುವ ಕ್ರೆಬ್ಸ್ ಚಕ್ರ ನಡುವೆ ಮುರಿದು, ಅದರ ಒಂದು ತುಣುಕಾದ ಸಕ್ಸಿನೇಟ್ ಕೋಶದ ಒಳಗೇ ಶೇಖರವಾಗುತ್ತದೆ. ಅದು ಸುಮ್ನೆ ಕೂರುವುದಿಲ್ಲ. ಹಿಫ್-1 ಆಲ್ಫಾ ಅನ್ನುವ ಪ್ರೋಟೀನನ್ನು ಒಡೆಯಲು ಗುರುತು ಹಾಕುವ ಕಿಣ್ವವನ್ನು ತಡೆಯುತ್ತದೆ. ಹಿಫ್ ಉಳಿದುಕೊಂಡು ಐಎಲ್-1 ಬೀಟಾ ಅನ್ನುವ, ಉರಿಯೂತ ಹಬ್ಬಿಸುವ ಪ್ರೋಟೀನಿನ ಜೀನನ್ನು ಚುರುಕು ಮಾಡುತ್ತದೆ. ಅಂದರೆ ಇಂಧನದ ತುಣುಕೇ ಉರಿಯೂತಕ್ಕೆ ಸಂದೇಶ. 2013ರಲ್ಲಿ ಇದು ಪ್ರಕಟವಾಯಿತು. ಹಾಳೆಯ ಅರ್ಧ ಜಾಗ ಇದಕ್ಕೇ ಕೊಟ್ಟಿದ್ದೇನೆ.

ಈಗ ತಕರಾರು. ಕೊಬ್ಬಿನ ಅಂಗಾಂಶದ ಸ್ಥಿತಿ ಬ್ಯಾಕ್ಟೀರಿಯಾ ಸೋಂಕಿನಂಥದ್ದಲ್ಲ. ಅಲ್ಲಿ ತುಂಬಿರುವುದು ಪಾಮಿಟೇಟ್‌ನಂಥ ಕೊಬ್ಬಿನಾಮ್ಲ, ಗ್ಲೂಕೋಸ್, ಇನ್ಸುಲಿನ್. ಈ ಮೂರನ್ನೂ ಕೊಟ್ಟು ಬೆಳೆಸಿದ ಮ್ಯಾಕ್ರೋಫೇಜ್‌ಗಳು ಎಲ್‌ಪಿಎಸ್ ತಗುಲಿದವುಗಳಿಗಿಂತ ಬೇರೆ ಥರ ವರ್ತಿಸುತ್ತವೆ ಅಂತ 2014ರಲ್ಲಿ ತೋರಿಸಿದರು. ಹಾಗಾಗಿ ಕೆಂಪು ಎಂದರೆ ಎಂ1 (ಉರಿಯೂತ ಹೆಚ್ಚಿಸುವ ಮ್ಯಾಕ್ರೋಫೇಜ್), ನೀಲಿ ಎಂದರೆ ಎಂ2 (ಉರಿಯೂತ ತಗ್ಗಿಸುವುದು) ಅನ್ನುವ ಎರಡೇ ಬಣ್ಣದ ಪದ್ಧತಿ ಇಲ್ಲಿ ನಡೆಯಲ್ಲ. ಪಠ್ಯಪುಸ್ತಕಗಳು ಇದನ್ನು ಇನ್ನೂ ಯಾಕೆ ಬಿಡುತ್ತಿಲ್ಲವೋ! ಕೊಬ್ಬಿನ ಮ್ಯಾಕ್ರೋಫೇಜ್‌ಗೆ ಕಿತ್ತಳೆ ಬಣ್ಣ ಹಾಕಿದೆ. ಎಲ್‌ಪಿಎಸ್‌ನ ದಾರಿಯನ್ನು ಹೋಲಿಕೆಗೆ ಅಂತ ಪಕ್ಕದಲ್ಲಿ ಉಳಿಸಿಕೊಂಡೆ.

ಮೂರನೇ ಹಾಳೆಯಲ್ಲಿ ಐಎಲ್-1 ಬೀಟಾದಿಂದ ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ಮಾಡುವ ಬೀಟಾ ಕೋಶಕ್ಕೆ ಒಂದು ಬಾಣ ಬೇಕು. ಎಷ್ಟು ದಪ್ಪ ಇರಬೇಕು ಅನ್ನುವುದೇ ಪ್ರಶ್ನೆ. ಐಎಲ್-1ನ್ನು ತಡೆಯುವ ಅನಾಕಿನ್ರಾ ಔಷಧಿ ಟೈಪ್ 2 ರೋಗಿಗಳ ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ರಕ್ತದ ಸಕ್ಕರೆಯ ಅಳತೆ) ಇಳಿಸಿದ್ದನ್ನು 2007ರ ಪ್ರಯೋಗ ತೋರಿಸಿತ್ತು. ಆದರೆ 10,000ಕ್ಕೂ ಜಾಸ್ತಿ ಜನರಿದ್ದ ಕ್ಯಾಂಟೋಸ್ ಪ್ರಯೋಗದಲ್ಲಿ ಐಎಲ್-1 ಬೀಟಾವನ್ನೇ ತಡೆಯುವ ಕನಾಕಿನುಮ್ಯಾಬ್ ಔಷಧಿ ಹೃದಯಾಘಾತ ಕಡಿಮೆ ಮಾಡಿತೇ ಹೊರತು ಹೊಸದಾಗಿ ಡಯಾಬಿಟಿಸ್ ಬರುವುದನ್ನು ತಡೆಯಲಿಲ್ಲ. ಸದ್ಯಕ್ಕೆ ತೆಳು ಗೆರೆಯಲ್ಲಿ ಎಳೆದಿದ್ದೇನೆ. ಮುಂದಿನ ಕೆಲಸ ಸ್ನಾಯು ಮತ್ತು ಯಕೃತ್ತಿನ ಚಿತ್ರ.