ಕುಶಾಲು ಬೇರೆ, ಗೇಲಿ ಬೇರೆ

ದಾವಣಗೆರೆ ಬಿಟ್ಟು ಕಾಸರಗೋಡಿನ ಬದಿಯಡ್ಕಕ್ಕೆ ಬಂದು ಆರು ವರ್ಷವಾಯಿತು. ಪಕ್ಕದ ಮನೆಯ ಹುಡುಗಿ ಒಂಬತ್ತನೇ ಕ್ಲಾಸು, ಕನ್ನಡ ಮೀಡಿಯಂ. ಮೊನ್ನೆ ಇಂಗ್ಲಿಷ್ ಪುಸ್ತಕ ಹಿಡಿದುಕೊಂಡು ಬಂದಳು.

"ಅಕ್ಕಾ, ರಿಡಿಕ್ಯೂಲ್ ಅಂದ್ರೆ ಎಂತ?"

"ಗೇಲಿ ಮಾಡೋದು" ಅಂದೆ.

"ಕುಶಾಲು ಮಾಡುದಾ?"

ಅಲ್ಲ. ಇಲ್ಲಿ ಕುಶಾಲು ಅಂದರೆ ತಮಾಷೆ. ಅದರಲ್ಲಿ ಇಬ್ಬರೂ ನಗುತ್ತಾರೆ. ಗೇಲಿಯಲ್ಲಿ ಒಬ್ಬರು ನಗುತ್ತಾರೆ, ಇನ್ನೊಬ್ಬರು ತಲೆ ತಗ್ಗಿಸುತ್ತಾರೆ. ಮಲಯಾಳಂ ಬಲ್ಲ ಅವಳಿಗೆ 'ಪರಿಹಾಸಂ' ಅಂದ ಕೂಡಲೇ ಅರ್ಥವಾಯಿತು. ಆ ಭಾಷೆಯಲ್ಲಿ ಅದು ನೇರವಾಗಿ ಅಪಹಾಸ್ಯವೇ. ನಾವು ಕನ್ನಡದಲ್ಲಿ ಪರಿಹಾಸ ಅನ್ನುವುದನ್ನು ಹಗುರ ತಮಾಷೆಗೂ ಬಳಸುತ್ತೇವೆ.

ರಿಡಿಕ್ಯೂಲ್ ಅನ್ನುವ ಪದದ ಬೇರು ಲ್ಯಾಟಿನ್‌ನಲ್ಲಿ 'ನಗು' ಎಂಬ ಅರ್ಥದ ಮಾತು. ಅಪಹಾಸ್ಯದ ಒಳಗಿರುವುದೂ ನಗುವೇ. ಮುಂದೆ ಅಂಟಿದ 'ಅಪ' ಅದನ್ನು ಕೆಡಿಸಿಬಿಟ್ಟಿದೆ. ಭರತನ ನಾಟ್ಯಶಾಸ್ತ್ರ ನಗುವಿನಲ್ಲಿ 6 ಬಗೆ ಹೇಳುತ್ತದೆ. ಮೊದಲನೆಯದು ಸ್ಮಿತ, ಹಲ್ಲು ಕಾಣದ ಮುಗುಳ್ನಗೆ. ಐದನೆಯದು ಅಪಹಸಿತ. ಹೆಗಲು, ತಲೆ ಕುಲುಕಿ, ಕಣ್ಣಲ್ಲಿ ನೀರು ಬರುವಂತೆ, ನಗಬಾರದ ಕಡೆ ನಗುವುದು. 'ನಗಬಾರದ ಕಡೆ' ಅನ್ನುವುದು ನನಗೆ ತುಂಬ ನಾಟಿತು.

ಇನ್ನು ಬಳಕೆ. ಮುಖ ಸೊಟ್ಟ ಮಾಡಿ, ಮಾತನ್ನು ಹಾಗೇ ತಿರುಗಿಸಿ ಹೇಳಿದರೆ ಅಣಕ. ವಾದವೊಂದು ಹಾಸ್ಯಾಸ್ಪದ ಆಗುತ್ತದೆ. ಮನುಷ್ಯ ನಗೆಪಾಟಲಾಗುತ್ತಾನೆ.

"ಒಂದು ಉದಾಹರಣೆ ಹೇಳು ನೋಡೋಣ" ಅಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಬೆಂಗಳೂರಿನಲ್ಲಿ ನೆಂಟರ ಮದುವೆಗೆ ಹೋಗಿದ್ದಳಂತೆ. "ಪಾಯಸ ಉಂಟಾ?" ಅಂತ ಕೇಳಿದ್ದಕ್ಕೆ ಅಲ್ಲಿನ ಮಕ್ಕಳು ಸಂಜೆವರೆಗೂ "ಉಂಟಾ, ಉಂಟಾ" ಅಂತ ಹಿಂದೆ ಬಿದ್ದರಂತೆ. "ಮಲಯಾಳಿ ಕನ್ನಡ" ಅಂದರಂತೆ. ಆಮೇಲೆ ಅವಳು ಅಲ್ಲಿ ಬಾಯೇ ಬಿಡಲಿಲ್ಲ.

ನನಗೆ ಸಂಕಟವಾಯಿತು. ಮೊದಲ ವರ್ಷ ನಾನೂ ಇದನ್ನೇ ಮಾಡಿದ್ದೆ. ಅಂಗಡಿಯವರ ಮಾತನ್ನು ಅಣಕಿಸಿ, ಫೋನಿನಲ್ಲಿ ತಂಗಿಗೆ ಹೇಳಿ ನಕ್ಕಿದ್ದೆ. ಅದನ್ನು ಹುಡುಗಿಯ ಹತ್ತಿರ ಒಪ್ಪಿಕೊಂಡೆ.

ಊರಿನವರೇ, 'ಉಂಟು' ಮಲಯಾಳಂನಿಂದ ತಂದ ಸಾಲವಲ್ಲ. ಹಳಗನ್ನಡದಿಂದಲೂ ಇರುವ ಮಾತು. "ಎಲ್ಲಾದ್ರೂ ಉಂಟಾ?" ಅಂತ ನಾವೂ ಹೇಳುತ್ತೇವೆ ಅಲ್ವಾ? ನೀವು ರಾಜ್ಯೋತ್ಸವ ಮಾಡುವ ನವೆಂಬರ್ 1 ಇದೆಯಲ್ಲ, 1956ರಲ್ಲಿ ಅದೇ ದಿನ ಕಾಸರಗೋಡು ಕೇರಳಕ್ಕೆ ಸೇರಿತು. ರಾಷ್ಟ್ರಕವಿ ಗೋವಿಂದ ಪೈ ಬಾಳಿದ ಮಂಜೇಶ್ವರ ಇದೇ ಜಿಲ್ಲೆಯಲ್ಲಿದೆ. ಯಕ್ಷಗಾನದ ಪಾರ್ತಿಸುಬ್ಬನ ಕುಂಬಳೆಯೂ ಇಲ್ಲಿಯದೇ. ಅಂಗಡಿ ಬೋರ್ಡು, ಬಸ್ಸಿನ ಬೋರ್ಡು ಮಲಯಾಳಂ ಆದರೂ ಈ ಮಕ್ಕಳು ಕನ್ನಡದಲ್ಲೇ ಪರೀಕ್ಷೆ ಬರೆಯುತ್ತಾರೆ. ಅಂಥವರು ನಮ್ಮ ಮನೆಗೆ ಬಂದಾಗ ಬಾಯಿ ಮುಚ್ಚಿಕೊಂಡು ಕೂರಬೇಕಾ?

ಹುಡುಗಿ ನೋಟ್‌ಬುಕ್ಕಿನಲ್ಲಿ ಬರೆದಳು: "ರಿಡಿಕ್ಯೂಲ್ – ನಗಬಾರದ ಕಡೆ ನಗುವುದು." ನನ್ನ ಕಡೆ ತಿರುಗಿಸಿ, "ಸರಿ ಉಂಟಾ ಅಕ್ಕಾ?" ಅಂತ ಕೇಳಿದಳು.

"ಸರಿ ಉಂಟು" ಅಂದೆ.