40 ಸಾವಿರದೊಳಗೆ, ಉದ್ದ ದಾರಿಗೆ, ಯಾವ ರೋಡ್ ಸೈಕಲ್ ತಗೊಳ್ಳಲಿ?

ಪ್ರಶ್ನೆ ಹೆಚ್ಚುಕಡಿಮೆ ಹೀಗೇ ಬರುತ್ತದೆ: "40 ಸಾವಿರ ಇದೆ. ಭಾನುವಾರ 80–100 ಕಿಲೋಮೀಟರ್ ತುಳಿಯಬೇಕು, ವರ್ಷದೊಳಗೆ ಒಂದು 200 ಮುಗಿಸಬೇಕು. ಯಾವ ಕಂಪನಿಯದ್ದು ತಗೊಳ್ಳಲಿ?"

ಒಂದು ಹೆಸರು ಹೇಳಿ ಮುಗಿಸಬಹುದು. ಆದರೆ ಅದೇ ಕಂಪನಿಯ ಅದೇ ಮಾಡೆಲ್ ಒಬ್ಬರಿಗೆ ಹೇಳಿ ಮಾಡಿಸಿದಂತಿದ್ದರೆ ಇನ್ನೊಬ್ಬರಿಗೆ ಎರಡೇ ಗಂಟೆಯಲ್ಲಿ ಕುತ್ತಿಗೆ ಹಿಡಿಸುತ್ತದೆ. ಆದ್ದರಿಂದ ನನ್ನ ಉತ್ತರ ಕಂಪನಿಯಿಂದ ಶುರುವಾಗುವುದಿಲ್ಲ. ಮೊದಲು ಫ್ರೇಮಿನ ಅಳತೆ, ಆಮೇಲೆ ಏರಿಗೆ ಸಾಕಾಗುವಷ್ಟು ಹಗುರವಾದ ಗೇರು, ಆಮೇಲೆ ಅಗಲ ಟೈರಿಗೆ ಜಾಗ. ದುಡ್ಡು ಈ ಕ್ರಮದಲ್ಲೇ ಹೋಗಬೇಕು. ಈ ಮೂರನ್ನು ಕೊಂಡ ಮೇಲೆ ಸರಿಪಡಿಸಲು ಹೊರಟರೆ ಒಂದೋ ಆಗುವುದೇ ಇಲ್ಲ, ಇಲ್ಲವೇ ಜೇಬು ಖಾಲಿಯಾಗುತ್ತದೆ. ಸೀಟು, ಪೆಡಲ್, ಟೇಪು, ಟೈರು ಇವೆಲ್ಲ ಸವೆದ ಹಾಗೆ ಬದಲಿಸಿಕೊಳ್ಳುವ ಸಾಮಾನು.

ಉದ್ದ ದಾರಿ ಅಂದರೆ ವೇಗದ ದಾರಿ ಅಲ್ಲ ಎನ್ನುವುದನ್ನು ಮೊದಲೇ ಹೇಳಬೇಕು. ಬ್ರೆವೆಯಲ್ಲಿ (ಗೊತ್ತಾದ ಸಮಯದೊಳಗೆ ಉದ್ದ ದೂರ ಮುಗಿಸುವ, ರೇಸ್ ಅಲ್ಲದ ಸವಾರಿ) 200 ಕಿ.ಮೀ.ಗೆ ಕೊಡುವ ಸಮಯ 13 ಗಂಟೆ 30 ನಿಮಿಷ, 300ಕ್ಕೆ 20 ಗಂಟೆ, 400ಕ್ಕೆ 27, 600ಕ್ಕೆ 40. ಅಂದರೆ ತಿಂಡಿ, ಊಟ, ಪಂಕ್ಚರ್ ಎಲ್ಲ ಸೇರಿಸಿ ಗಂಟೆಗೆ 15 ಕಿ.ಮೀ. ಸರಾಸರಿ ಇದ್ದರೆ ಸಾಕು. ಮೈಯಲ್ಲಿ ಕಸುವಿದ್ದೂ ಅರ್ಧದಲ್ಲಿ ಬಿಡುವವರು ಸಾಮಾನ್ಯವಾಗಿ ಬಿಡುವುದು ಅಂಗೈ ಜೋಮು, ಸೊಂಟದ ನೋವು, ಕೂರಲಾಗದ ಉರಿಯಿಂದ. ಹತ್ತು ಗಂಟೆ ಆದ ಮೇಲೂ ಮೈಯನ್ನು ಸುಸ್ಥಿತಿಯಲ್ಲಿ ಇಡುವ ಸೈಕಲ್ ನಿಮಗೆ ಬೇಕಾಗಿರುವುದು.

ಅಳತೆಗೆ ಬರೋಣ. ಬರಿಗಾಲಲ್ಲಿ ಗೋಡೆಗೆ ಬೆನ್ನು ಕೊಟ್ಟು, ಪಾದಗಳ ನಡುವೆ ಒಂದು ಗೇಣು ಬಿಟ್ಟು ನಿಲ್ಲಿ. ದಪ್ಪ ಪುಸ್ತಕವೊಂದನ್ನು ತೊಡೆಗಳ ನಡುವೆ ಅಡ್ಡಕ್ಕೆ ಹಿಡಿದು, ಸೀಟಿನ ಮೇಲೆ ಕೂತಾಗ ಎಷ್ಟು ಒತ್ತುತ್ತದೋ ಅಷ್ಟು ಗಟ್ಟಿಯಾಗಿ ಮೇಲಕ್ಕೆ ಒತ್ತಿ. ಪುಸ್ತಕದ ಒಂದು ಅಂಚು ಗೋಡೆಗೆ ತಾಗಿರಲಿ. ಮೇಲಂಚಿಗೆ ಪೆನ್ಸಿಲ್ ಗುರುತು ಹಾಕಿ ನೆಲದಿಂದ ಅಳೆಯಿರಿ. ಮೂರು ಸಲ ಮಾಡಿ, ಸರಾಸರಿ ತೆಗೆಯಿರಿ. ಅದು ಕಾಲಿನ ಒಳ ಅಳತೆ. ಅದನ್ನು 0.883ರಿಂದ ಗುಣಿಸಿದರೆ ಪೆಡಲ್ ತಿರುಗುವ ಅಚ್ಚಿನ ನಡುವಿನಿಂದ ಸೀಟಿನ ಮೇಲ್ಮೈವರೆಗಿನ ಎತ್ತರ ಬರುತ್ತದೆ. 80 ಸೆಂ.ಮೀ. ಇದ್ದವರಿಗೆ 70.6 ಸೆಂ.ಮೀ. ಇದು ಶುರುವಿನ ಅಳತೆ. ಆಮೇಲೆ ಅರ್ಧರ್ಧ ಸೆಂಟಿಮೀಟರ್ ಮೇಲೆ ಕೆಳಗೆ ಮಾಡಿಕೊಳ್ಳುವುದು ಇದ್ದೇ ಇರುತ್ತದೆ.

ಸೀಟಿನ ಎತ್ತರ ಯಾವ ಫ್ರೇಮಿನಲ್ಲೂ ಹೊಂದಿಸಬಹುದು. ಹೆಚ್ಚು ಹೊಂದಿಸಲಾಗದ್ದು ಹ್ಯಾಂಡಲ್ ಎಷ್ಟು ದೂರ, ಎಷ್ಟು ಕೆಳಗೆ ಇದೆ ಎನ್ನುವುದು. ಫ್ರೇಮಿಗೆ ಎಸ್, ಎಂ, ಎಲ್ ಅಂತ ಹಾಕಿರುವ ಅಕ್ಷರವನ್ನು ನಂಬಬೇಡಿ, ಒಂದು ಕಂಪನಿಯ ಎಂ ಇನ್ನೊಂದರ ಎಲ್ ಆಗಿರುತ್ತದೆ. ಕಂಪನಿಯ ಅಳತೆ ಪಟ್ಟಿಯಲ್ಲಿ ಸ್ಟ್ಯಾಕ್ ಮತ್ತು ರೀಚ್ ಎಂಬ ಎರಡು ಸಂಖ್ಯೆ ಇರುತ್ತವೆ. ಪೆಡಲ್ ಅಚ್ಚಿನಿಂದ ಫ್ರೇಮಿನ ಮುಂದಲೆ (ಫೋರ್ಕು ತೂರುವ ಕೊಳವೆಯ ಮೇಲ್ತುದಿ) ಎಷ್ಟು ಎತ್ತರದಲ್ಲಿದೆ ಎನ್ನುವುದು ಸ್ಟ್ಯಾಕ್, ಎಷ್ಟು ಮುಂದಿದೆ ಎನ್ನುವುದು ರೀಚ್. ಸ್ಟ್ಯಾಕ್ 560, ರೀಚ್ 375 ಮಿ.ಮೀ. ಇದ್ದರೆ ಭಾಗಿಸಿದಾಗ 1.49 ಬರುತ್ತದೆ. 1.5ರ ಆಸುಪಾಸು ಇದ್ದರೆ ಬೆನ್ನು ಸ್ವಲ್ಪ ನೆಟ್ಟಗಿರುತ್ತದೆ, ಉದ್ದ ದಾರಿಗೆ ಇದು ಸರಿ. 540ಕ್ಕೆ 390 ಇದ್ದರೆ 1.38, ಅದು ರೇಸಿನ ಫ್ರೇಮು. ಅಂಗಡಿಯಲ್ಲಿ ಎರಡೂ ಒಂದೇ ಥರ ಕಾಣುತ್ತವೆ, ಮೂರನೇ ಗಂಟೆಯಲ್ಲಿ ವ್ಯತ್ಯಾಸ ಗೊತ್ತಾಗುತ್ತದೆ.

ಎರಡು ಸೈಜಿನ ನಡುವೆ ಸಿಕ್ಕಿಬಿದ್ದರೆ ಚಿಕ್ಕದನ್ನು ತಗೊಳ್ಳಿ. ಚಿಕ್ಕ ಫ್ರೇಮಿಗೆ ಉದ್ದ ಸ್ಟೆಮ್ (ಹ್ಯಾಂಡಲನ್ನು ಫೋರ್ಕಿಗೆ ಸೇರಿಸುವ ತುಂಡು) ಹಾಕಬಹುದು. ದೊಡ್ಡದನ್ನು ಗಿಡ್ಡ ಮಾಡಲು 70 ಮಿ.ಮೀ. ಸ್ಟೆಮ್‌ಗಿಂತ ಕೆಳಗಿಳಿದರೆ ಹ್ಯಾಂಡಲ್ ಅದುರಿದಂತೆ ಅನಿಸಲು ಶುರುವಾಗುತ್ತದೆ. ಇಪ್ಪತ್ತು ನಿಮಿಷವಾದರೂ ಓಡಿಸಿ ನೋಡದೆ ದುಡ್ಡು ಕೊಡಬೇಡಿ. ಅಷ್ಟರಲ್ಲೇ ಕಿರುಬೆರಳು ಜೋಮು ಹಿಡಿದರೆ, ಮೊಣಕೈ ಮಡಿಸಲಾಗದೆ ನೆಟ್ಟಗೆ ನಿಂತರೆ, ಫ್ರೇಮು ನಿಮಗೆ ಉದ್ದವಾಯಿತು. ಹೊಸ ಸೈಕಲ್ ಜೋಡಿಸುವಾಗ ಹ್ಯಾಂಡಲ್ ಕೆಳಗಿನ ಬಳೆಗಳನ್ನು ತೆಗೆದು ಫೋರ್ಕಿನ ಕೊಳವೆ ಕತ್ತರಿಸಲು ಬಿಡಬೇಡಿ, ಕತ್ತರಿಸಿದ್ದನ್ನು ಮತ್ತೆ ಎತ್ತರಿಸಲಾಗದು.

ಗೇರಿನ ವಿಷಯದಲ್ಲಿ ಎಲ್ಲರೂ ಎಣಿಸುವುದು ಒಟ್ಟು ಎಷ್ಟು ಅಂತ. 14, 16, 18. ಅದು ಮುಖ್ಯವಲ್ಲ. ಮುಂದಿನ ಚಿಕ್ಕ ಚಕ್ರಕ್ಕೆ ಎಷ್ಟು ಹಲ್ಲು, ಹಿಂದಿನ ದೊಡ್ಡ ಚಕ್ರಕ್ಕೆ ಎಷ್ಟು ಹಲ್ಲು, ಇವೆರಡೇ ಕೇಳಿ. 28 ಮಿ.ಮೀ. ಟೈರು ಹಾಕಿದ ಗಾಲಿ ಒಂದು ಸುತ್ತಿಗೆ ಸುಮಾರು 2.14 ಮೀಟರ್ ಹೋಗುತ್ತದೆ. ಮುಂದೆ 34, ಹಿಂದೆ 32 ಇದ್ದರೆ ಪೆಡಲಿನ ಒಂದು ಸುತ್ತಿಗೆ 2.27 ಮೀಟರ್. ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ 8 ಕಿ.ಮೀ. ಚಿಲ್ಲರೆ. ಹಳೆ ರೇಸ್ ಸೈಕಲ್ಲಿನ 39ಕ್ಕೆ 25 ಹಲ್ಲಾದರೆ ಅದೇ 60 ಸುತ್ತಿಗೆ ಗಂಟೆಗೆ 12 ಕಿ.ಮೀ. ಹೋಗಲೇಬೇಕು. ಸವಾರ, ಸೈಕಲ್, ನೀರು ಸೇರಿ 85 ಕೆ.ಜಿ. ಇದ್ದು, ನೂರು ಮೀಟರಿಗೆ 8 ಮೀಟರ್ ಏರುವ ರಸ್ತೆಯಾದರೆ ಮೊದಲನೆಯದಕ್ಕೆ ಸುಮಾರು 160 ವ್ಯಾಟ್ ಬೇಕು, ಎರಡನೆಯದಕ್ಕೆ 240. ವಾರಕ್ಕೆ ಮೂರು ದಿನ ತುಳಿಯುವ ಸಾಮಾನ್ಯ ಸವಾರರು 160ರಲ್ಲಿ ಬಹಳ ಹೊತ್ತು ಏರಬಲ್ಲರು. 240 ವ್ಯಾಟನ್ನು ಹೊತ್ತುಗಟ್ಟಲೆ ತಾಳುವುದು ಒಳ್ಳೆ ತಾಲೀಮು ಇದ್ದವರಿಗಷ್ಟೇ. ಗೇರು ಸಾಲದಿದ್ದಾಗ ಆಗುವುದು ಇಷ್ಟು: ತುಳಿತ ನಿಮಿಷಕ್ಕೆ 40ಕ್ಕೆ ಇಳಿಯುತ್ತದೆ, ಪ್ರತಿ ತುಳಿತಕ್ಕೂ ಮಂಡಿಯ ಮೇಲಿನ ಭಾರ ಏರುತ್ತದೆ. ನಂದಿ ಬೆಟ್ಟದ ಕೊನೆಯ ತಿರುವುಗಳಲ್ಲೋ ಆಗುಂಬೆಯ 14 ತಿರುವುಗಳಲ್ಲೋ ಇದರ ಲೆಕ್ಕವನ್ನು ಮಂಡಿಯೇ ಹೇಳುತ್ತದೆ.

ಹಾಗಾಗಿ ಮುಂದೆ 50/34 (50 ಮತ್ತು 34 ಹಲ್ಲಿನ ಎರಡು ಚಕ್ರ), ಹಿಂದೆ ಕನಿಷ್ಠ 11–28 (11 ಹಲ್ಲಿನಿಂದ 28ರವರೆಗೆ), ಸಾಧ್ಯವಾದರೆ 11–32. ಹಿಂದೆ ಇರುವುದು ತಿರುಪಿನ ಫ್ರೀವೀಲೋ, ಗಾಲಿಯ ನಡುವಿನ ಹಬ್ಬಿನ ಮೇಲೆ ಜಾರಿಸಿ ಕೂರಿಸುವ ಕ್ಯಾಸೆಟ್ಟೋ ಕೇಳಿ. ಅಗ್ಗದ 7 ಸ್ಪೀಡಿನಲ್ಲಿ (ಹಿಂದೆ 7 ಹಲ್ಲಿನ ಚಕ್ರ ಇರುವುದು) ಹಲವಕ್ಕೆ ತಿರುಪಿನದೇ ಇರುತ್ತದೆ. ಅದರಲ್ಲಿ ಚೈನಿನ ಬದಿಯ ಬೇರಿಂಗು ಫ್ರೇಮಿನಿಂದ ದೂರ ಒಳಗೆ ಕೂತಿರುವುದರಿಂದ ಅಚ್ಚಿನ ತುದಿಗೆ ಆಸರೆ ಕಡಿಮೆ, ಭಾರದ ಸವಾರರು ಗುಂಡಿಗೆ ಇಳಿಸಿದರೆ ಅಚ್ಚು ಬಾಗುತ್ತದೆ, ಮುರಿಯುವುದೂ ಉಂಟು. ಕ್ಯಾಸೆಟ್ ಹಬ್ಬಾದರೆ ಆ ತೊಂದರೆ ಕಡಿಮೆ, ಮುಂದೊಂದು ದಿನ 28ರಿಂದ 32 ಹಲ್ಲಿಗೆ ಏರಿಸಿಕೊಳ್ಳಲೂಬಹುದು. ಆದರೆ ಹಿಂದಿನ ಡಿರೇಲರ್ (ಚೈನನ್ನು ಒಂದು ಹಲ್ಲಿನ ಚಕ್ರದಿಂದ ಇನ್ನೊಂದಕ್ಕೆ ಸರಿಸುವ ಭಾಗ) 32 ತಾಳುತ್ತದೆಯೇ ಮೊದಲು ನೋಡಿ, ಚೈನನ್ನೂ ಅದಕ್ಕೆ ತಕ್ಕಂತೆ ಉದ್ದದ್ದು ಹಾಕಿಸಿ. ಶಿಮಾನೊ ಕಂಪನಿಯ ಗೇರ್ ಸೆಟ್ಟುಗಳಲ್ಲಿ ಕ್ಲಾರಿಸ್ 8 ಸ್ಪೀಡು, ಸೋರಾ 9, ಟಿಯಾಗ್ರಾ 10. ಕ್ಲಾರಿಸ್ ಧಾರಾಳವಾಗಿ ಸಾಕು. 8 ಸ್ಪೀಡಿನ ಚೈನು, ಕ್ಯಾಸೆಟ್ ಅಗ್ಗ, ಕೇಬಲ್ ಚೂರು ಅತ್ತಿತ್ತ ಆದರೂ ಗೇರು ಬೀಳುತ್ತದೆ.

ಟೈರು 25 ಮಿ.ಮೀ.ಗೆ ನಿಲ್ಲುವ ಫ್ರೇಮು ನಮ್ಮ ರಸ್ತೆಗೆ ಬೇಡ. 28 ಕಡ್ಡಾಯ, 32 ಹಿಡಿದರೆ ಹಬ್ಬ. 70 ಕೆ.ಜಿ. ಸವಾರರಿಗೆ 28ರ ಟೈರಿಗೆ 75–80 ಪಿಎಸ್ಐ ಗಾಳಿ, 32ಕ್ಕೆ 60–65 ಸಾಕು. 110 ತುಂಬಿಸಿದರೆ ಬೇಗ ಹೋಗುತ್ತದೆ ಅನ್ನುವುದು ಹಳೆ ನಂಬಿಕೆ. ಒರಟು ಡಾಂಬರಿನ ಮೇಲೆ ಕಲ್ಲುಗಟ್ಟಿ ಟೈರು ಪುಟಿಯುತ್ತದೆ, ಆ ಪುಟಿತವೆಲ್ಲ ಅಂಗೈಗೂ ಬೆನ್ನಿಗೂ ಬರುತ್ತದೆ, ಮುಂದಕ್ಕೆ ಹೋಗಬೇಕಾದ ಕಸುವು ಅದರಲ್ಲೇ ಕರಗುತ್ತದೆ. ಸೈಕಲ್ ನೋಡಲು ಹೋದಾಗ ಟೈರಿನ ಎರಡೂ ಬದಿ ಮತ್ತು ಮೇಲೆ ಕಿರುಬೆರಳಿನ ತುದಿ ತೂರುವುದೇ ನೋಡಿ. 4 ಮಿ.ಮೀ.ಗಿಂತ ಕಡಿಮೆ ಸಂದಿದ್ದರೆ ಮಳೆಗಾಲದ ಕೆಸರು ಅಲ್ಲೇ ಗಟ್ಟಿಯಾಗುತ್ತದೆ.

ಬ್ರೇಕಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬಯಲುಸೀಮೆಯಲ್ಲಿ ಓಡಿಸುವವರಿಗೆ ಒಳ್ಳೆ ರಿಮ್ ಬ್ರೇಕು ಸಾಕು. ಮಲೆನಾಡಿನ ಮಳೆಯಲ್ಲಿ ಘಾಟಿ ಇಳಿಯುವವರು ಡಿಸ್ಕ್ ತಗೊಳ್ಳಿ. ಒದ್ದೆ ರಿಮ್ಮಿನ ಮೇಲೆ ರಬ್ಬರು ಕಚ್ಚುವುದು ಒಂದು ಕ್ಷಣ ತಡ, ಜೊತೆಗೆ ಮಣ್ಣು ಸೇರಿ ರಿಮ್ಮನ್ನೇ ಉಜ್ಜಿ ತಿನ್ನುತ್ತದೆ. ಡಿಸ್ಕಿನ ಪ್ಯಾಡಿಗೆ ಚೈನಿನ ಎಣ್ಣೆ ಸೋಕಿಸಬಾರದು, ಸೋಕಿದರೆ ಕಿರುಚುತ್ತದೆ, ಹಿಡಿಯುವುದಿಲ್ಲ.

ತೂಕದ ಚಿಂತೆ ಬಿಡಿ. 10 ಕೆ.ಜಿ. ಬದಲು 12 ಕೆ.ಜಿ. ಸೈಕಲ್ ಆದರೆ ಮೇಲೆ ಹೇಳಿದ ಏರಿನ 8 ಕಿ.ಮೀ.ಗೆ, ಸುಮಾರು ಒಂದು ಗಂಟೆಯಲ್ಲಿ, ಒಂದೂಕಾಲು ನಿಮಿಷದಷ್ಟು ಹೆಚ್ಚಾಗುತ್ತದೆ. ಆ 2 ಕೆ.ಜಿ. ಇಳಿಸಲು ಕೊಡುವ ದುಡ್ಡಿಗೆ ಟೈರು, ಚಡ್ಡಿ, ಲೈಟು ಎಲ್ಲ ಬರುತ್ತದೆ.

40 ಸಾವಿರದಲ್ಲಿ ಇವೆಲ್ಲ ಹೊಸದರಲ್ಲಿ ಸಿಗದಿದ್ದರೆ ಸೆಕೆಂಡ್‌ಹ್ಯಾಂಡ್ ನೋಡಿ. ನನ್ನ ಮನಸ್ಸಿಗೆ ಇದೇ ಹೆಚ್ಚು ಒಪ್ಪುತ್ತದೆ. ಉದಾಹರಣೆಗೆ ಡೆಕಾಥ್ಲಾನ್‌ನ ಟ್ರೈಬಾನ್ ಆರ್‌ಸಿ500: ಸೋರಾ, 50/34, 11–32, ಡಿಸ್ಕ್. ಹೊಸದರ ಬೆಲೆ ಈ ಬಜೆಟ್ ದಾಟುತ್ತಿತ್ತು, ಬಳಸಿದ್ದು ಒಳಗೆ ಬರುತ್ತದೆ. ನೋಡಲು ಹೋಗುವಾಗ ಒದ್ದೆ ಬಟ್ಟೆ, ಸ್ಟೀಲ್ ಸ್ಕೇಲು, ಅಲೆನ್ ಕೀ ಒಯ್ಯಿರಿ. ಮುಂದಲೆಯ ಕೊಳವೆಗೆ ಕೆಳಗಿನ ಪೈಪು ಸೇರುವ ಕಡೆ ಧೂಳು ಒರೆಸಿ, ಪೈಪಿನ ಅಡಿಯಲ್ಲಿ ಬೆರಳು ಎಳೆಯಿರಿ. ಕಣ್ಣಿಗೆ ಕಾಣದ ಅಲೆ ಬೆರಳಿಗೆ ಸಿಕ್ಕರೆ ಸೈಕಲ್ ಮುಂದಿನಿಂದ ಎಲ್ಲೋ ಗುದ್ದಿದೆ, ವಾಪಸ್ ಬನ್ನಿ. ಪೆಡಲ್ ಅಚ್ಚಿನ ಸುತ್ತಲಿನ ಬೆಸುಗೆಯಲ್ಲಿ ಕೂದಲೆಳೆ ಬಿರುಕಿದ್ದರೂ ಅಷ್ಟೇ. ಚೈನಿನ ಒಂದು ಪಿನ್ನಿನ ನಡುವಿಗೆ ಸ್ಕೇಲಿನ ಸೊನ್ನೆ ಇಡಿ. ಹೊಸ ಚೈನಿನಲ್ಲಿ, ಆ ಪಿನ್ನನ್ನು ಬಿಟ್ಟು ಎಣಿಸಿದರೆ, 24ನೇ ಪಿನ್ನು ಸರಿಯಾಗಿ 12 ಇಂಚಿಗೆ ಬರುತ್ತದೆ. ಒಂದೂವರೆ ಮಿ.ಮೀ. ದಾಟಿದ್ದರೆ ಚೈನು ಬದಲಿಸಬೇಕು. 3 ಮಿ.ಮೀ. ದಾಟಿದ್ದರೆ ಕ್ಯಾಸೆಟ್ಟೂ ಹೋಗಿದೆ, ಆ ಖರ್ಚನ್ನು ಬೆಲೆಯಲ್ಲಿ ಮುರಿದುಕೊಳ್ಳಿ. ಸೀಟಿನ ಕಂಬವನ್ನು ಸಡಿಲಿಸಿ ಅಲುಗಿಸಿ ನೋಡಿ. ಬೆವರು, ಮಳೆನೀರು ಇಳಿದು ಕಂಬ ಫ್ರೇಮಿಗೆ ಕಚ್ಚಿಕೊಂಡಿದ್ದರೆ ಆ ಸೈಕಲ್ ನಿಮ್ಮ ಎತ್ತರಕ್ಕೆ ಬರುವುದೇ ಇಲ್ಲ. ಗೇರಿನ ಲಿವರ್ ಒತ್ತಿದಾಗ ಸುಮ್ಮನೆ ತೇಲಿದರೆ ಹೆದರಬೇಡಿ, ಹಲವು ಸಲ ಅದು ಒಳಗಿನ ಗ್ರೀಸು ಒಣಗಿರುವುದಷ್ಟೇ, ತೊಳೆದರೆ ಸರಿಯಾಗುತ್ತದೆ. ಮಾರುವವರಿಗೆ ಇದು ಗೊತ್ತಿಲ್ಲದಿದ್ದರೆ ಚೌಕಾಸಿಗೂ ಆಗುತ್ತದೆ. ಬಳಸಿದ ಕಾರ್ಬನ್ ಫ್ರೇಮನ್ನು ಮಾತ್ರ ಬಲ್ಲವರಿಗೆ ತೋರಿಸದೆ ಮುಟ್ಟಬೇಡಿ.

20 ಸಾವಿರವೇ ಇದ್ದರೆ? ನೆಟ್ಟನೆ ಹ್ಯಾಂಡಲಿನ ಹೈಬ್ರಿಡ್ (ರೋಡ್ ಸೈಕಲ್ಲಿಗೂ ಬೆಟ್ಟದ ಸೈಕಲ್ಲಿಗೂ ನಡುವಿನ ಬಗೆ) ತಗೊಳ್ಳಿ, ಮುಂದೆ ಸಸ್ಪೆನ್ಷನ್ ಇಲ್ಲದ್ದು. ಅಗ್ಗದ ಸಸ್ಪೆನ್ಷನ್ ಕಿಲೋಗಟ್ಟಲೆ ಕಬ್ಬಿಣ, ಅಷ್ಟೇ. ಹ್ಯಾಂಡಲ್ ತುದಿಗೆ ಕೊಂಬಿನಂಥ ಬಾರ್ ಎಂಡ್ ಹಾಕಿಸಿದರೆ ಕೈ ಹಿಡಿಯಲು ಎರಡನೇ ಜಾಗ ಸಿಗುತ್ತದೆ. ಬ್ರೆವೆಗೆ ಇದನ್ನು ತರಬಾರದೆಂಬ ನಿಯಮವಿಲ್ಲ.

ಒಟ್ಟು ದುಡ್ಡಿನಲ್ಲಿ ಐದನೇ ಒಂದು ಭಾಗ ಬೇರೆ ತೆಗೆದಿಡಿ: ಹೆಲ್ಮೆಟ್, ಮುಂದೆ ಹಿಂದೆ ಲೈಟು, ಪ್ಯಾಡ್ ಇರುವ ಚಡ್ಡಿ, ಪಂಪು, ಎರಡು ಟ್ಯೂಬು. ಚಡ್ಡಿಯ ಒಳಗೆ ಒಳಉಡುಪು ಬೇಡ, ಅದರ ಹೊಲಿಗೆಯೇ ತೊಡೆ ಉಜ್ಜುತ್ತದೆ. ಮೆತ್ತನೆಯ ಜೆಲ್ ಸೀಟಿನ ಕವರಿಗೆ ದುಡ್ಡು ಹಾಕಬೇಡಿ. ಕೂರುವ ಮೂಳೆ ಮೆತ್ತೆಯಲ್ಲಿ ಹೂತು, ಭಾರವೆಲ್ಲ ನಡುವಿನ ನಾಜೂಕು ಜಾಗಕ್ಕೆ ಬರುತ್ತದೆ, ಜೋಮು ಹಿಡಿಯುವುದು ಅದರಿಂದಲೇ.

ಟ್ಯೂಬಿನ ಬಗ್ಗೆ ಒಂದು ಮಾತು. ರೋಡ್ ಸೈಕಲ್ ಟ್ಯೂಬಿಗೆ ತೆಳ್ಳನೆ ಪ್ರೆಸ್ಟಾ ವಾಲ್ವ್, ಹಳ್ಳಿಯ ಪಂಕ್ಚರ್ ಅಂಗಡಿಯ ಪೈಪು ಅದಕ್ಕೆ ಕೂರುವುದಿಲ್ಲ. ಹಿತ್ತಾಳೆಯ ಅಡಾಪ್ಟರು ಕೆಲವೇ ರೂಪಾಯಿ, ಒಂದನ್ನು ವಾಲ್ವಿಗೇ ತಿರುಗಿಸಿಟ್ಟುಕೊಳ್ಳಿ. ಟೈರೇ ಹರಿದರೆ ಹಾಲಿನವರ ಸೈಕಲ್ಲಿನ 28 ಇಂಚಿನ ಟೈರು ಕೇಳಬೇಡಿ, ಹೆಸರು ಹತ್ತಿರವಾದರೂ ಅದರ ಒಳಸುತ್ತಿನ ವ್ಯಾಸ 635 ಮಿ.ಮೀ., ನಿಮ್ಮ 700ಸಿ ರಿಮ್ಮಿನದು 622. ಅದರ ಬದಲು ಹಳೆ ರೋಡ್ ಟೈರಿನ ಎರಡು ಇಂಚು ತುಂಡು ಬ್ಯಾಗಿನಲ್ಲಿರಲಿ. ಹರಿದ ಜಾಗದ ಒಳಗೆ, ಟ್ಯೂಬಿಗೂ ಟೈರಿಗೂ ನಡುವೆ ಅದನ್ನಿಟ್ಟು 50 ಪಿಎಸ್ಐ ತುಂಬಿಸಿ, ಗುಂಡಿ ತಪ್ಪಿಸಿಕೊಂಡು ನಿಧಾನಕ್ಕೆ ಬಂದರೆ ಮನೆ ಸೇರಬಹುದು.