ರೈಡ್ ಮುಂದಿನ ಕ್ಯೂ: ಕೈಗಡಿಯಾರ ನೋಡಿ ಹಾಕುವ ಲೆಕ್ಕ

ಬಿಡದಿಯ ವಂಡರ್‌ಲಾದಲ್ಲಿ ರೀಕಾಯಿಲ್ ಎಂಬ ರೋಲರ್ ಕೋಸ್ಟರ್ ಇದೆ. ರೈಲನ್ನು ಮೊದಲು ಹಿಂದಕ್ಕೆ ಎಳೆದು ಎತ್ತರಕ್ಕೆ ಒಯ್ದು ಬಿಡುತ್ತಾರೆ. ಅದು ಧುಮುಕಿ, ತಲೆಕೆಳಗಾಗಿ ಸುತ್ತಿ, ಆ ಕಡೆಯ ತುದಿ ಮುಟ್ಟಿ, ಹೋದ ಹಳಿಯಲ್ಲೇ ಹಿಮ್ಮುಖವಾಗಿ ವಾಪಸ್ ಬರುತ್ತದೆ. ಹೋಗುವುದಕ್ಕೂ ಬರುವುದಕ್ಕೂ ಒಂದೇ ಹಳಿ, ಹಾಗಾಗಿ ಇಂಥ ರೈಡ್‌ನಲ್ಲಿ ಎರಡನೇ ರೈಲು ಓಡಿಸಲು ಬರುವುದಿಲ್ಲ. ಹೋದ ರೈಲು ಬಂದು, ಕೂತವರು ಇಳಿದು, ಹೊಸಬರು ಹತ್ತುವವರೆಗೆ ಹೊರಗಿನ ಸಾಲು ನಿಂತಲ್ಲೇ ನಿಂತಿರುತ್ತದೆ.

ಈ ಬಗೆಯಲ್ಲಿ ಹೆಚ್ಚು ಕಾಣುವ ವೆಕೋಮಾ ಕಂಪನಿಯ ಬೂಮರಾಂಗ್ ಮಾದರಿಗೆ 28 ಸೀಟು, ಕಾಗದದ ಮೇಲೆ ಗಂಟೆಗೆ ಸುಮಾರು 760 ಜನ. ಅದನ್ನು ಮುಟ್ಟಬೇಕಾದರೆ ಎರಡು ಕಾಲು ನಿಮಿಷಕ್ಕೊಂದು ಟ್ರಿಪ್ ಹೊರಡಬೇಕು, ಒಂದು ಸೀಟೂ ಖಾಲಿ ಇರಬಾರದು. ರಜಾದಿನದಲ್ಲಿ ಹಾಗೆ ನಡೆಯುವುದು ಕಷ್ಟ.

ಆದ್ದರಿಂದ ಬೋರ್ಡಿನ ಮೇಲಿನ ಕಾಯುವ ಸಮಯ ನಂಬುವ ಮೊದಲು ನೀವೇ ಅಳೆಯಿರಿ. ಒಂದು ರೈಲು ಹೊರಟ ಕ್ಷಣದಿಂದ ಮುಂದಿನದು ಹೊರಡುವವರೆಗೆ ಎಷ್ಟು ಹೊತ್ತಾಯಿತು ನೋಡಿ. ಎರಡು ಮೂರು ಸಲ ನೋಡಿದರೆ ಸರಾಸರಿ ಸಿಗುತ್ತದೆ. ಎರಡೂವರೆ ನಿಮಿಷ ಎಂದುಕೊಳ್ಳಿ: ಗಂಟೆಗೆ 24 ಟ್ರಿಪ್. ಪ್ರತಿ ಟ್ರಿಪ್‌ನಲ್ಲಿ ನಾಲ್ಕು ಸೀಟು ಖಾಲಿ ಹೋದರೆ ಗಂಟೆಗೆ 576 ಜನ. ನಿಮ್ಮ ಮುಂದೆ 240 ಮಂದಿ ಇದ್ದರೆ ಕಾಯಬೇಕಾದ್ದು 25 ನಿಮಿಷ. ಅದೇ ಟ್ರಿಪ್ ಮೂರೂವರೆ ನಿಮಿಷಕ್ಕೆ ಎಳೆದರೆ 35 ನಿಮಿಷ. ಸಾಲು ಅಷ್ಟೇ ಉದ್ದ, ಹತ್ತು ನಿಮಿಷ ಹೆಚ್ಚು ಬಿಸಿಲು. ತಲೆ ಎಣಿಸುವುದಕ್ಕೆ ಒಂದು ಉಪಾಯ: ಕಂಬಿಯ ಒಂದು ಮಡಿಕೆಯಲ್ಲಿ ಎಷ್ಟು ಜನ ನಿಂತಿದ್ದಾರೆಂದು ಎಣಿಸಿ, ಮಡಿಕೆಗಳ ಸಂಖ್ಯೆಯಿಂದ ಗುಣಿಸಿ.

ಆ ಹೆಚ್ಚುವರಿ ಒಂದು ನಿಮಿಷ ಹೋಗುವುದು ರೈಲು ಹತ್ತುವ ಜಾಗದಲ್ಲಿ. ಗೇಟು ತೆರೆದ ಮೇಲೆ ಚಪ್ಪಲಿ, ಬ್ಯಾಗು, ಕನ್ನಡಕ ಎಲ್ಲ ಆಚೆ ಬದಿಯ ಗೂಡಿಗೆ ಹೋಗಬೇಕು. ಸಿಬ್ಬಂದಿ ಒಂದೊಂದೇ ಸೀಟಿನ ಕಂಬಿ ಒತ್ತಿ, ಬೆಲ್ಟು ಎಳೆದು ನೋಡುತ್ತಾ ಬರುತ್ತಾರೆ. ಕೊನೆಯ ಸೀಟಿನ ಹತ್ತಿರ ಬಂದಾಗ ಯಾರದೋ ಜೇಬಿನಲ್ಲಿ ಫೋನು ಉಳಿದಿರುವುದು ಗೊತ್ತಾಗುತ್ತದೆ. ಹಲವು ರೈಲುಗಳಲ್ಲಿ ಒಬ್ಬರ ಕಂಬಿ ಮಾತ್ರ ಬಿಡಿಸಲು ಬರುವುದಿಲ್ಲ. ಎಲ್ಲರದ್ದೂ ತೆರೆದುಕೊಳ್ಳುತ್ತದೆ, ತಪಾಸಣೆ ಮತ್ತೆ ಮೊದಲಿನಿಂದ. ಸಿಬ್ಬಂದಿ ಈ ತಪಾಸಣೆಯಲ್ಲಿ ಅವಸರ ಮಾಡಬಾರದು, ಮಾಡಿ ಎಂದು ನಾವೂ ಕೂಗಬಾರದು. ನಮ್ಮ ಕೈಲಿರುವುದು ಜೇಬು ಖಾಲಿ ಮಾಡಿಕೊಂಡು ಹೋಗುವುದು. ಇಬ್ಬಿಬ್ಬರು ಕೂರುವ ಸೀಟಿಗೆ ಐದು ಜನರ ಮನೆಮಂದಿ ಬಂದರೆ ಒಂದು ಸೀಟು ಖಾಲಿ ಹೋಗುತ್ತದೆ. ಹಿಂದಿನ ಸಾಲಿನ ಒಂಟಿ ಜನರನ್ನು ಕರೆದು ತುಂಬಿಸಿದರೆ ಎಲ್ಲರಿಗೂ ಲಾಭ.

ತೂಗಾಡುವ, ಗಿರಗಿರನೆ ತಿರುಗುವ ರೈಡ್‌ಗಳ ಸಾಲು ಬೇರೆ ಥರ. ಹತ್ತಿಸಿ ಇಳಿಸಲು ಮೂರು ನಿಮಿಷ, ಆಟ ಮೂರು ನಿಮಿಷ, ಒಂದು ಬಾರಿಗೆ 40 ಜನ ಎಂದರೆ ಗಂಟೆಗೆ 400. ಆರು ನಿಮಿಷ ಸಾಲು ಅಲುಗಾಡದು, ಆಮೇಲೆ ಒಮ್ಮೆಲೇ 40 ಮಂದಿ ಒಳಗೆ. ನೀವು 41ನೆಯವರಾದರೆ ಸರಪಳಿ ನಿಮ್ಮ ಮುಖದ ಮುಂದೆಯೇ ಬೀಳುತ್ತದೆ.

ಇದಕ್ಕೆ ಪೂರ್ತಿ ಉಲ್ಟಾ ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡ್‌ನಲ್ಲಿ 1969ರಲ್ಲಿ ತೆರೆದ ಹಾಂಟೆಡ್ ಮ್ಯಾನ್ಶನ್ ಎಂಬ ದೆವ್ವದ ಮನೆಯ ರೈಡ್. ಅಲ್ಲಿ ಗಾಡಿಗಳು ಸರಪಳಿಯಂತೆ ಒಂದರ ಹಿಂದೊಂದು ನಿಲ್ಲದೆ ಸಾಗುತ್ತಿರುತ್ತವೆ. ಜನ ಚಲಿಸುವ ಪಟ್ಟಿಯ ಮೇಲೆ ನಡೆಯುತ್ತಲೇ ಹತ್ತುತ್ತಾರೆ. ಗಂಟೆಗೆ ಎರಡು ಸಾವಿರಕ್ಕೂ ಹೆಚ್ಚು ಮಂದಿಯನ್ನು ಅದು ಸಾಗಿಸಬಲ್ಲದು. ಇಂಥ ಕಡೆ ಕ್ಯೂ ಹೊರಗಿನ ರಸ್ತೆಗೆ ಬಂದಿದ್ದರೂ ಹೆದರಬೇಕಿಲ್ಲ, ಕಾಲು ನಡೆಯುತ್ತಲೇ ಇರುತ್ತದೆ. ಗೇಟು ತೆರೆದ ಮೊದಲ ಗಂಟೆಯನ್ನು ಒಂದೇ ರೈಲಿನ, ಕಡಿಮೆ ಸೀಟಿನ ರೈಡ್‌ಗಳಿಗೆ ಕೊಡಿ. ಹೆಚ್ಚು ಜನ ಹಿಡಿಸುವಂಥವು ಮಧ್ಯಾಹ್ನಕ್ಕಿರಲಿ.

ಇನ್ನು ಫಾಸ್ಟ್‌ಟ್ರ್ಯಾಕ್. ಹೆಚ್ಚು ದುಡ್ಡು ಕೊಟ್ಟು ಬೇರೆ ಗಿಡ್ಡ ಸಾಲಿನಲ್ಲಿ ಹೋಗುವ ಆ ಟಿಕೆಟ್ಟಿನಿಂದ ಸೀಟು ಹೆಚ್ಚಾಗುವುದಿಲ್ಲ, ಇದ್ದ ಸೀಟೇ ಹಂಚಿಹೋಗುತ್ತದೆ. ಮೇಲಿನ ಲೆಕ್ಕದಲ್ಲಿ ಅರ್ಧ ಸೀಟು ಅವರಿಗೆ ಹೋದರೆ ಸಾಮಾನ್ಯ ಸಾಲಿಗೆ ಉಳಿಯುವುದು ಗಂಟೆಗೆ 288. ಅದೇ 240 ಜನ, ಈಗ 50 ನಿಮಿಷ. ಎರಡೂ ಸಾಲು ಕೂಡುವ ಜಾಗದಲ್ಲಿ ಸಿಬ್ಬಂದಿ ಯಾವ ಕಡೆಯಿಂದ ಎಷ್ಟು ಜನರನ್ನು ಬಿಡುತ್ತಿದ್ದಾರೆಂದು ನೋಡಿದರೆ ಸಾಕು. ಜನ ಕಡಿಮೆ ಇರುವ ವಾರದ ದಿನಗಳಲ್ಲಿ ಇದಕ್ಕೆ ದುಡ್ಡು ಹಾಕುವುದು ದಂಡ ಎಂಬುದು ನನ್ನ ಖಚಿತ ಅಭಿಪ್ರಾಯ. ಆದರೆ ಅಂಥ ದಿನಗಳಲ್ಲಿ ಎರಡು ಮೂರು ರೈಲಿನ ಕೋಸ್ಟರ್‌ಗಳಲ್ಲಿ ಒಂದೇ ರೈಲು ಓಡಿಸುವುದೂ ಉಂಟು. ಸಾಲು ಗಿಡ್ಡ, ಸರಿಯುವುದು ನಿಧಾನ. ಎಷ್ಟು ರೈಲು ಓಡುತ್ತಿವೆ ಎಂದು ಹೊರಗಿನಿಂದಲೇ ಬಣ್ಣ ನೋಡಿ ಎಣಿಸಬಹುದು.

ರೈಡ್ ಕೆಟ್ಟು ನಿಂತರೆ ಸಾಲು ಬಿಡಬೇಕೇ ಎಂಬುದಕ್ಕೆ ಹಳಿಯ ಕಡೆ ನೋಡಿ. ಖಾಲಿ ರೈಲು ಒಂದರ ಮೇಲೊಂದು ಸುತ್ತು ಹೊಡೆಯುತ್ತಿದ್ದರೆ ರಿಪೇರಿ ಆಗಿ ಪರೀಕ್ಷೆ ನಡೆಯುತ್ತಿರಬಹುದು, ಸ್ವಲ್ಪ ಕಾಯಬಹುದು. ಮೆಕ್ಯಾನಿಕ್ ಏಣಿ ಹತ್ತುತ್ತಿದ್ದರೆ ಊಟ ಮುಗಿಸಿಕೊಂಡು ಬನ್ನಿ.